ಬೆಟ್ಟ ಹತ್ತಿದ ವಿದ್ಯಾರ್ಥಿ ಸಂತ: ಪಿಯೆರ್ ಜಾರ್ಜಿಯೊ ಫ್ರಸ್ಸಾತಿಯವರ ಜೀವನ



ಈ ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಬೆಂಗಳೂರಿನ ಕಂಟೋನ್ಮೆಂಟ್ ಕಡೆಯವರು ಬಹಳ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಅಂತ ವಿಳಾಸ ಬರೆಸಿ ಪೂಜೆಗೆ ಕಾಣಿಕೆ ಕಟ್ಟಿ ಹೋಗುತ್ತಾರೆ. ಅವರ ಜೊತೆ ಕಾಲೇಜು ಓದುವ ಹುಡುಗ ಹುಡುಗಿಯರೂ ಇರುತ್ತಾರೆ. ಅವರ ಕೋರಿಕೆ ಹೆಚ್ಚುಕಡಿಮೆ ಒಂದೇ. ಪರೀಕ್ಷೆ ಪಾಸಾಗಬೇಕು, ಒಳ್ಳೆಯ ಕೆಲಸ ಸಿಗಬೇಕು. ಹಾಗೆ ಬೇಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಓದುವ ವಯಸ್ಸಿನಲ್ಲೇ, ಪದವಿ ಕೈಗೆ ಬರುವ ಮೊದಲೇ ತೀರಿಕೊಂಡು, ಸಂತರ ಸಾಲಿಗೆ ಸೇರಿದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಇದ್ದಾರೆ. ಅವರೂ ಪರೀಕ್ಷೆಯಲ್ಲಿ ಫೇಲಾದವರೇ. ನಮ್ಮ ಹಾಗೆ ಬೆಟ್ಟ ಹತ್ತಿ ಮಾತೆಯ ದರ್ಶನ ಮಾಡಿದವರೇ. ಅವರ ಚರಿತ್ರೆಯನ್ನು ತಿಳಿದಮಟ್ಟಿಗೆ ಇಲ್ಲಿ ಬರೆದಿದೆ.

ಪಿಯೆರ್ ಜಾರ್ಜಿಯೊ ಫ್ರಸ್ಸಾತಿಯವರು ಹುಟ್ಟಿದ್ದು 1901ನೇ ಇಸವಿ ಏಪ್ರಿಲ್ 6ರಂದು, ಇಟಲಿ ದೇಶದ ಟ್ಯೂರಿನ್ ಪಟ್ಟಣದಲ್ಲಿ. ಅದು ಪವಿತ್ರ ಶನಿವಾರ, ಪಾಸ್ಕ ಹಬ್ಬದ ಹಿಂದಿನ ದಿನ. ತಂದೆ ಅಲ್ಫ್ರೆದೊ ಅವರು ಲಾ ಸ್ತಾಂಪ ಎಂಬ ದೊಡ್ಡ ಪತ್ರಿಕೆಯ ಒಡೆಯರು. ಮುಂದೆ ದೇಶದ ಸೆನೆಟ್ ಸಭೆಯ ಸದಸ್ಯರಾದರು, ಜರ್ಮನಿಗೆ ರಾಯಭಾರಿಯೂ ಆದರು. ತಾಯಿ ಅದೆಲೈದೆಯವರು ಚಿತ್ರ ಬರೆಯುವವರು. ಒಂದು ವರ್ಷ ಚಿಕ್ಕವಳಾದ ತಂಗಿ ಲೂಚಿಯಾನ. ಮನೆಯಲ್ಲಿ ಆಳುಕಾಳು, ಹಳ್ಳಿಯಲ್ಲಿ ಇನ್ನೊಂದು ಮನೆ, ಯಾವುದಕ್ಕೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎರಡಕ್ಕೆ. ತಂದೆಗೆ ದೇವರಲ್ಲಿ ನಂಬಿಕೆ ಇರಲಿಲ್ಲ, ತಾಯಿಯ ಭಕ್ತಿಯೂ ವಾಡಿಕೆಯ ಮಟ್ಟದ್ದು. ಜೊತೆಗೆ ಗಂಡ ಹೆಂಡತಿಗೆ ಹೊಂದಾಣಿಕೆ ಇರಲಿಲ್ಲ. ಇಂಥ ಮನೆಯಲ್ಲಿ ಇಂಥ ಮಗ ಹೇಗೆ ಬೆಳೆದ ಅಂತ ಆಶ್ಚರ್ಯ ಆಗುತ್ತದೆ. ಮಕ್ಕಳ ಭಕ್ತಿಗೆ ಅಪ್ಪ ಅಮ್ಮನೇ ಕಾರಣ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಹಾಗಾಗಲಿಲ್ಲ.

ಚಿಕ್ಕಂದಿನ ಒಂದು ಪ್ರಸಂಗ ಎಲ್ಲರೂ ಹೇಳುತ್ತಾರೆ. ಒಬ್ಬ ಬಡ ಹೆಂಗಸು ಮಗುವನ್ನು ಕರೆದುಕೊಂಡು ಭಿಕ್ಷೆಗೆ ಬಾಗಿಲಿಗೆ ಬಂದಳು. ಮಗುವಿನ ಕಾಲು ಬರಿಗಾಲು. ಬಾಗಿಲು ತೆಗೆದ ಪಿಯೆರ್ ಜಾರ್ಜಿಯೊ ತನ್ನ ಕಾಲಿನ ಬೂಟನ್ನೇ ಬಿಚ್ಚಿ ಕೊಟ್ಟು, ಮನೆಯವರು ನೋಡಿ ಬೈದಾರು ಅಂತ ಬೇಗ ಬಾಗಿಲು ಹಾಕಿಕೊಂಡ. ಕೊಡುವುದು, ಕೊಟ್ಟದ್ದು ಮನೆಯವರಿಗೆ ತಿಳಿಯದಂತೆ ನೋಡಿಕೊಳ್ಳುವುದು, ಈ ಎರಡೂ ಆಗಿನಿಂದಲೇ ಒಟ್ಟಿಗೆ ಬಂದವು. ಕೊನೆಯವರೆಗೂ ಹಾಗೇ ನಡೆಯಿತು.

ಓದಿನಲ್ಲಿ ಅವರು ಜಾಣರಾಗಿರಲಿಲ್ಲ. 1913ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಫೇಲಾದರು. ತಾಯಿ ಬಹಳ ನೊಂದುಕೊಂಡರು. ಆ ಶಾಲೆ ಬಿಡಿಸಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಶಾಲೆಗೆ ಹಾಕಿದರು. ಆ ಫೇಲೇ ಅವರಿಗೆ ದೊಡ್ಡ ವರವಾಯಿತು ಅಂತ ನಾನು ತಿಳಿದಿದ್ದೇನೆ. ಯಾಕೆಂದರೆ ಅಲ್ಲಿನ ಗುರುಗಳು ಹುಡುಗನಿಗೆ ದಿನಾಲೂ ಪರಮಪ್ರಸಾದ ಸ್ವೀಕರಿಸುವ ಅಭ್ಯಾಸ ಮಾಡಿಸಿದರು. ಹಿಂದೆ ಜನ ವರ್ಷಕ್ಕೆ ಕೆಲವು ಸಲ ಮಾತ್ರ ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದರು. ಪದೇಪದೇ, ಸಾಧ್ಯವಾದರೆ ಪ್ರತಿದಿನವೂ ಸ್ವೀಕರಿಸಿರಿ ಎಂದು ಜಗದ್ಗುರು ಹತ್ತನೇ ಭಕ್ತಿನಾಥರು, ಅಂದರೆ ಹತ್ತನೇ ಪಯಸ್‌ರವರು, 1905ರಲ್ಲಿ ಆಜ್ಞೆ ಹೊರಡಿಸಿದ್ದರು. ಆದರೂ ಪ್ರತಿದಿನ ಹೋಗುವ ಹುಡುಗರು ಕಡಿಮೆಯೇ. ತಾಯಿಗೆ ಇದು ಅತಿಯಾಯಿತು ಅನ್ನಿಸಿತು. ಹುಡುಗ ಹಟ ಹಿಡಿದು ಒಪ್ಪಿಸಿದ. ಅಲ್ಲಿಂದ ಸಾಯುವವರೆಗೆ ಬೆಳಗಿನ ಪೂಜೆ ಅವರ ದಿನದ ಮೊದಲ ಕೆಲಸ. ಮೊಳಕಾಲೂರಿ ಪ್ರಾರ್ಥನೆಗೆ ಕೂತರೆ ಮೈಮೇಲೆ ಮೇಣದಬತ್ತಿಯ ಮೇಣ ತೊಟ್ಟಿಕ್ಕಿದರೂ ತಿಳಿಯುತ್ತಿರಲಿಲ್ಲವಂತೆ. ರಾತ್ರಿಯ ಆರಾಧನೆಗೂ ಹೋಗುತ್ತಿದ್ದರು.

1918ರಲ್ಲಿ ಟ್ಯೂರಿನ್‌ನ ರಾಯಲ್ ಪಾಲಿಟೆಕ್ನಿಕ್ ಸೇರಿದರು. ಆರಿಸಿಕೊಂಡದ್ದು ಗಣಿ ಇಂಜಿನಿಯರಿಂಗ್. ಪತ್ರಿಕೆಯ ಒಡೆಯರ ಮಗನಿಗೆ ಗಣಿ ಯಾಕೆ ಬೇಕಿತ್ತು? ಆ ಕಾಲದಲ್ಲಿ ಎಲ್ಲ ಕೂಲಿಗಾರರಿಗಿಂತ ಕಷ್ಟ ಪಡುತ್ತಿದ್ದವರು ಗಣಿಯವರು. ಅವರ ನಡುವೆ ಇದ್ದು ಕ್ರಿಸ್ತರ ಸೇವೆ ಮಾಡಬೇಕು ಎಂಬುದು ಅವರ ಮನಸ್ಸು. ಗುರುವಾಗುವ ವಿಚಾರವೂ ಬಂದಿತ್ತು. ಗುರುವಾದರೆ ಜನ ಗೌರವದಿಂದ ದೂರ ನಿಲ್ಲುತ್ತಾರೆ, ಸಾಮಾನ್ಯ ಭಕ್ತನಾಗಿಯೇ ಇದ್ದರೆ ಬಡವರ ಹತ್ತಿರ ಹೋಗಬಹುದು ಎಂದು ಅದನ್ನು ಬಿಟ್ಟರು.

ಗಣಿ ಕೆಲಸ ಅಂದರೆ ಏನು ಅಂತ ಕೆ.ಆರ್.ಪುರದ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಕೇಳಿದರೆ ಸಾಕು. ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂದು ಕಂಟೋನ್ಮೆಂಟಿನಲ್ಲಿ ಇಳಿದು ಕೆಲಸಕ್ಕೆ ಹೋಗುವವರಲ್ಲಿ ಅನೇಕರ ಅಪ್ಪ, ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಅಲ್ಲಿ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಒಳಗೆ ಸೆಕೆ, ಬಂಡೆ ಸಿಡಿತ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರು ಎಷ್ಟೋ ಜನ. 2001ರಲ್ಲಿ ಗಣಿ ಮುಚ್ಚಿತು. ಮಕ್ಕಳು ರೈಲು ಹತ್ತಿದರು. ಈ ಮನೆಗಳವರು ನಮ್ಮ ಬೆಟ್ಟಕ್ಕೂ ಬರುತ್ತಾರೆ. ಅಂಥ ಜನರ ಜೊತೆ ಇರಬೇಕು ಅಂತ ಒಬ್ಬ ಶ್ರೀಮಂತರ ಮಗ ಓದಿನ ವಿಷಯ ಆರಿಸಿಕೊಂಡಿದ್ದು ಸಣ್ಣ ಮಾತಲ್ಲ.

ಅದೇ 1918ರಲ್ಲಿ ಅವರು ಸಂತ ವಿನ್ಸೆಂಟ್ ದೆ ಪಾಲ್ ಸಭೆಗೆ ಸೇರಿದರು. ಈ ಸಭೆ ನಮಗೆ ಹೊಸದಲ್ಲ, ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಇದೆ. ಚರ್ಚಿನ ಬಾಗಿಲ ಬಳಿ ಬಡವರ ಡಬ್ಬಿ ಇಡುವವರು, ಮನೆ ಬಾಡಿಗೆಗೆ, ಔಷಧಿಗೆ, ಮಕ್ಕಳ ಫೀಸಿಗೆ ಸಹಾಯ ಮಾಡುವವರು. ಇದನ್ನು ಪ್ರಾರಂಭಿಸಿದ್ದು ಗುರುಗಳಲ್ಲ, ವಿದ್ಯಾರ್ಥಿಗಳು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1833ರಲ್ಲಿ ಪ್ಯಾರಿಸ್‌ನಲ್ಲಿ ಓದುತ್ತಿದ್ದ ಫ್ರೆಡರಿಕ್ ಓಝನಾಮ್ ಎಂಬ 20 ವರ್ಷದ ಯುವಕ ಮತ್ತು ಅವನ ಗೆಳೆಯರು ಶುರುಮಾಡಿದ್ದು. ಇವರ ಪದ್ಧತಿ ಏನೆಂದರೆ ವಾರಕ್ಕೊಮ್ಮೆ ಕೂಡುತ್ತಾರೆ, ಪ್ರಾರ್ಥನೆ ಮಾಡುತ್ತಾರೆ, ಯಾರು ಎಷ್ಟು ಹಾಕಿದರು ಅಂತ ಕಾಣದ ಹಾಗೆ ಚೀಲ ತಿರುಗಿಸಿ ಹಣ ಕೂಡಿಸುತ್ತಾರೆ, ಆಮೇಲೆ ಇಬ್ಬಿಬ್ಬರಾಗಿ ಬಡವರ ಮನೆಗೇ ಹೋಗುತ್ತಾರೆ. ಬಡವರನ್ನು ಆಫೀಸಿಗೆ ಕರೆಸಿ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಆಫೀಸಿನಲ್ಲಿ ಕೂತು ಕೆಲಸ ಮಾಡುವವನಾಗಿ ಹೇಳುತ್ತೇನೆ, ಸಾಲಿನಲ್ಲಿ ನಿಂತವರ ಮುಖಕ್ಕೂ ಮನೆಯಲ್ಲಿ ಕೂತವರ ಮುಖಕ್ಕೂ ವ್ಯತ್ಯಾಸ ಇದೆ.

ಪಿಯೆರ್ ಜಾರ್ಜಿಯೊ ಹೋಗುತ್ತಿದ್ದ ಮನೆಗಳು ಎಂಥವು! ಆಗ ಟ್ಯೂರಿನ್ ಕಾರ್ಖಾನೆಗಳ ಊರು, ಫಿಯೆಟ್ ಕಾರು ಕಂಪನಿ ಅಲ್ಲಿಯದೇ. ಮೊದಲನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಗಾಯಗೊಂಡ ಸಿಪಾಯಿಗಳು, ಕೆಲಸವಿಲ್ಲದ ಕೂಲಿಗಳು, ಕ್ಷಯರೋಗಿಗಳು ಕತ್ತಲೆ ಕೋಣೆಗಳಲ್ಲಿ ಒತ್ತಾಗಿ ಬದುಕುತ್ತಿದ್ದರು. ಇವರು ಸೌದೆ, ಬಟ್ಟೆ, ಔಷಧಿ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಮನೆಯಿಂದ ಬಸ್ಸು, ಟ್ರಾಮಿಗೆ ಅಂತ ಕೊಟ್ಟ ಚಿಲ್ಲರೆ ಯಾರಿಗೋ ಕೊಟ್ಟುಬಿಟ್ಟು, ಊಟದ ಹೊತ್ತಿಗೆ ಮನೆ ಸೇರಲು ಓಡಿಕೊಂಡು ಬರುತ್ತಿದ್ದರು. ತಡವಾದರೆ ಬೈಗುಳ. ಮೇಜಿನ ಮುಂದೆ ಕೂತವರಿಗೆ ಇವನೊಬ್ಬ ಹೊತ್ತುಗೊತ್ತಿಲ್ಲದ ಹುಡುಗ ಅನ್ನಿಸುತ್ತಿತ್ತು. ರೈಲಿನಲ್ಲಿ ಮೂರನೇ ದರ್ಜೆಯಲ್ಲಿ ಹೋಗಿ ಉಳಿದ ಹಣ ಬಡವರಿಗೆ ಕೊಡುತ್ತಿದ್ದರು. ತಂದೆ ಬರ್ಲಿನ್‌ನಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿಗೆ ಹೋಗಿದ್ದ ಇವರು ಕೊರೆಯುವ ಚಳಿಯಲ್ಲಿ ತಮ್ಮ ಮೇಲಂಗಿಯನ್ನು ಭಿಕ್ಷುಕನಿಗೆ ಕೊಟ್ಟು ಬಂದರು. ತಂದೆ ಸಿಟ್ಟಾದರು. ಅವನಿಗೆ ಚಳಿಯಾಗುತ್ತಿತ್ತು ಎಂಬುದಕ್ಕಿಂತ ಬೇರೆ ಕಾರಣ ಮಗನ ಹತ್ತಿರ ಇರಲಿಲ್ಲ. ಪದವಿ ಮುಗಿದರೆ ಕಾರು ಬೇಕೋ ಹಣ ಬೇಕೋ ಅಂತ ತಂದೆ ಕೇಳಿದಾಗ ಹಣ ಅಂದರು. ಆ ಹಣ ಎಲ್ಲಿಗೆ ಹೋಗುತ್ತಿತ್ತು ಅಂತ ನಾವು ಊಹಿಸಬಹುದು.

ಬೆಳಿಗ್ಗೆ ಪರಮಪ್ರಸಾದದಲ್ಲಿ ಯೇಸುಸ್ವಾಮಿ ತನ್ನನ್ನು ನೋಡಲು ಬರುತ್ತಾರೆ, ಅದಕ್ಕೆ ಪ್ರತಿಯಾಗಿ ತಾನು ಬಡವರ ಮನೆಗೆ ಹೋಗಿ ಅವರನ್ನು ನೋಡುತ್ತೇನೆ ಎಂಬ ಅರ್ಥದಲ್ಲಿ ಅವರು ಸ್ನೇಹಿತರಿಗೆ ತಿಳಿಸಿದ್ದರು. ಅವರ ಲೆಕ್ಕದಲ್ಲಿ ಪೂಜೆ ಬೇರೆ, ಬಡವರ ಸೇವೆ ಬೇರೆ ಅಂತ ಎರಡು ಖಾತೆ ಇರಲಿಲ್ಲ. ಒಂದು ಭೇಟಿಗೆ ಇನ್ನೊಂದು ಭೇಟಿ.

ಇಲ್ಲಿಗೇ ನಿಲ್ಲಿಸಿದರೆ ಇದು ಒಬ್ಬ ದಾನಿಯ ಕಥೆ ಆಗುತ್ತದೆ. ಅಷ್ಟೇ ಆಗಿರಲಿಲ್ಲ. ಒಂದು ಮನೆಗೆ ಈ ವಾರ ಸೌದೆ ಕೊಟ್ಟರೆ ಮುಂದಿನ ವಾರ ಮತ್ತೆ ಬೇಕು. ಕೂಲಿ ಸರಿಯಾಗಿ ಕೊಟ್ಟರೆ ಆ ಮನೆಯವರೇ ಸೌದೆ ಕೊಳ್ಳುತ್ತಾರೆ. ದಾನ ಸಾಲದು, ಸಮಾಜದ ಕಟ್ಟಳೆಗಳೂ ಬದಲಾಗಬೇಕು ಅಂತ ಅವರಿಗೆ ಆ ಮೆಟ್ಟಿಲುಗಳನ್ನು ಹತ್ತಿ ಇಳಿದೇ ಗೊತ್ತಾಯಿತು. ಅದಕ್ಕೆ ಧರ್ಮಸಭೆಯ ಬೋಧನೆಯೂ ಇತ್ತು. ಜಗದ್ಗುರು ಹದಿಮೂರನೇ ಲಿಯೋರವರು 1891ರಲ್ಲೇ ಕಾರ್ಮಿಕರ ಹಕ್ಕುಗಳನ್ನು ಕುರಿತು ರೇರುಮ್ ನೊವಾರುಮ್ ಎಂಬ ವಿಶ್ವಪತ್ರ ಬರೆದಿದ್ದರು. ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು ಎಲ್ಲಾ ಅದರಲ್ಲಿದೆ. ಪಿಯೆರ್ ಜಾರ್ಜಿಯೊ 1919ರಲ್ಲಿ ಕಥೋಲಿಕ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಸಂಘ ಸೇರಿದರು. 1920ರಲ್ಲಿ ಫಾದರ್ ಲುಯಿಜಿ ಸ್ತುರ್ಜೊ ಅವರು ಕಟ್ಟಿದ್ದ ಪೀಪಲ್ಸ್ ಪಾರ್ಟಿಯ ಸದಸ್ಯರಾದರು. ಭಾಷಣಗಾರರಲ್ಲ. ಪೋಸ್ಟರ್ ಅಂಟಿಸುವ, ಪತ್ರಿಕೆ ಹಂಚುವ, ಸಭೆಗೆ ಜನ ಸೇರಿಸುವ ಕೆಲಸ ಮಾಡುತ್ತಿದ್ದರು. ತಂದೆಯ ಪತ್ರಿಕೆ ಬೇರೆ ರಾಜಕೀಯದ್ದು, ಮಗನ ಪಕ್ಷ ಬೇರೆ.

ನಮ್ಮ ದೇಶದಲ್ಲೂ ಸುಮಾರು ಅದೇ ಕಾಲಕ್ಕೆ, 1924ರಲ್ಲಿ, ಆಗಿನ ಮದರಾಸು ಪ್ರಾಂತ್ಯದಲ್ಲಿ ಯೇಸುಸಭೆಯ ಫಾದರ್ ಕಾರ್ಟಿಯವರು ಕಾಲೇಜು ಹುಡುಗರನ್ನು ಸೇರಿಸಿ ಒಂದು ಸಂಘ ಪ್ರಾರಂಭಿಸಿದರು. ಅದೇ ಮುಂದೆ ಐಕಫ್ ಎಂದು ಹೆಸರಾಯಿತು. ಬೆಂಗಳೂರಿನ ಕಾಲೇಜುಗಳಲ್ಲಿ ಓದಿದವರು ಅನೇಕರು ಅದರ ಶಿಬಿರಗಳಿಗೆ ಹೋಗಿ ಹಳ್ಳಿಗಳನ್ನೂ ಕೊಳೆಗೇರಿಗಳನ್ನೂ ಮೊದಲ ಸಲ ನೋಡಿದವರು. ಆದ್ದರಿಂದ ಪೂಜೆಗೆ ಹೋಗುವ ವಿದ್ಯಾರ್ಥಿಗೆ ಕೂಲಿಕಾರರ ಗೊಡವೆ ಯಾಕೆ ಎಂದು ಯಾರಾದರೂ ಕೇಳಿದರೆ, ಇದು ಇವತ್ತು ನಿನ್ನೆಯ ಹೊಸ ಮಾತಲ್ಲ ಅಂತ ಹೇಳಬಹುದು.

1921ರ ಸೆಪ್ಟೆಂಬರಿನಲ್ಲಿ ರೋಮ್ ನಗರದಲ್ಲಿ ಕಥೋಲಿಕ ಯುವಕರ ದೊಡ್ಡ ಸಮ್ಮೇಳನ ನಡೆಯಿತು. ಮೆರವಣಿಗೆಯ ಮೇಲೆ ಪೊಲೀಸರು ಬಿದ್ದು ಹೊಡೆದರು. ಪಿಯೆರ್ ಜಾರ್ಜಿಯೊ ಸಂಘದ ಧ್ವಜ ಹಿಡಿದಿದ್ದರು. ಕಿತ್ತುಕೊಳ್ಳಲು ಬಂದವರಿಗೆ ಬಿಡಲಿಲ್ಲ. ಹಿಡಿದು ಒಳಗೆ ಹಾಕಿದರು. ರಾಯಭಾರಿಯ ಮಗ ಅಂತ ತಿಳಿದ ಕೂಡಲೇ ಅಧಿಕಾರಿಗಳ ದನಿ ಬದಲಾಯಿತು, ಬೇಕಾದರೆ ಹೊರಡಬಹುದು ಅಂದರು. ಜೊತೆಯವರನ್ನೆಲ್ಲ ಬಿಡುವವರೆಗೆ ಅವರು ಹೊರಡಲಿಲ್ಲ. ದೊಡ್ಡವರ ಹೆಸರು ಹೇಳಿ ಬೇಗ ಕೆಲಸ ಮಾಡಿಸಿಕೊಳ್ಳುವುದು ನಮ್ಮಲ್ಲಿ ಎಷ್ಟು ಸಹಜ ಅಂತ ಎಲ್ಲರಿಗೂ ಗೊತ್ತು. ಇದನ್ನು ಓದುವಾಗ ಅದು ನೆನಪಿಗೆ ಬರುತ್ತದೆ.

ಮುಂದಿನ ವರ್ಷ ಮುಸೊಲಿನಿ ಅಧಿಕಾರಕ್ಕೆ ಬಂದ. ತಂದೆ ರಾಯಭಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ದೇವರನ್ನು ನಂಬದ ಆ ತಂದೆಯ ಈ ಧೈರ್ಯವನ್ನೂ ನಾವು ಮೆಚ್ಚಲೇಬೇಕು. 1923ರಲ್ಲಿ ಮುಸೊಲಿನಿ ಟ್ಯೂರಿನ್‌ಗೆ ಬಂದಾಗ ಕಥೋಲಿಕ ವಿದ್ಯಾರ್ಥಿಗಳ ಸಂಘದವರೇ ಅವನ ಗೌರವಕ್ಕೆ ಬಾವುಟ ಹಾರಿಸಿದರು. ಪಿಯೆರ್ ಜಾರ್ಜಿಯೊಗೆ ಇದು ಸಹಿಸಲಿಲ್ಲ, ಸಂಘಕ್ಕೆ ರಾಜೀನಾಮೆ ಬರೆದುಕೊಟ್ಟರು. 1924ರಲ್ಲಿ ಫ್ಯಾಸಿಸ್ಟ್ ಗೂಂಡಾಗಳು ಅವರ ಮನೆಗೇ ನುಗ್ಗಿದರು. ಊಟದ ಹೊತ್ತು. ಇವರು ಕೈಗೈ ಹತ್ತಿ ಹೊಡೆದೋಡಿಸಿದರು. ಸಂತರೆಂದರೆ ಕೈಮುಗಿದು ಮೌನವಾಗಿ ನಿಂತವರು ಅಂತ ಚಿತ್ರಗಳಲ್ಲಿ ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರ ಅನ್ನಿಸಬಹುದು.

ಹಾಗಂತ ಯಾವಾಗಲೂ ಗಂಭೀರ ಮುಖ ಹಾಕಿಕೊಂಡವರಲ್ಲ. ನಗು, ಗಲಾಟೆ, ಹಾಡು. ಹಾಡಲು ಬರುತ್ತಿರಲಿಲ್ಲ, ಆದರೂ ಜೋರಾಗಿ ಹಾಡುತ್ತಿದ್ದರಂತೆ. ಗೆಳೆಯ ಗೆಳತಿಯರನ್ನು ಕಟ್ಟಿಕೊಂಡು ಆಲ್ಪ್ಸ್ ಪರ್ವತಗಳನ್ನು ಹತ್ತುವುದು, ಹಿಮದ ಮೇಲೆ ಜಾರುವುದು ಅವರಿಗೆ ಪ್ರಾಣ. ಆ ಗುಂಪಿಗೆ ಪೋಕರಿಗಳ ಸಂಘ ಎಂಬ ಅರ್ಥದ ತಮಾಷೆ ಹೆಸರು ಇಟ್ಟಿದ್ದರು. ಬೆಟ್ಟಕ್ಕೆ ಹೊರಡುವ ದಿನವೂ ಪೂಜೆ ತಪ್ಪಿಸುತ್ತಿರಲಿಲ್ಲ. ಜೇಬಿನಲ್ಲಿ ಜಪಸರ ಇದ್ದೇ ಇರುತ್ತಿತ್ತು. 1922ರಲ್ಲಿ ಸಂತ ದೊಮಿನಿಕರ ಮೂರನೇ ಸಭೆಗೆ ಸೇರಿ ಜಪಸರದ ಭಕ್ತಿಯನ್ನು ಇನ್ನೂ ಗಟ್ಟಿ ಮಾಡಿಕೊಂಡರು.

ಅವರ ಹಳ್ಳಿ ಪೊಲ್ಲೋನೆಯ ಹತ್ತಿರ ಒರೋಪ ಎಂಬ ಬೆಟ್ಟದ ಪುಣ್ಯಕ್ಷೇತ್ರವಿದೆ. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ಅಲ್ಲಿ ಮಾತೆ ಮರಿಯಮ್ಮನವರದು ಕಪ್ಪು ಬಣ್ಣದ ಸ್ವರೂಪ. ರಜೆಯಲ್ಲಿ ಹಳ್ಳಿಗೆ ಬಂದಾಗ ಇವರು ನಸುಕಿನಲ್ಲೇ ಎದ್ದು ಬೆಟ್ಟ ಹತ್ತಿ, ಪೂಜೆಯಲ್ಲಿ ಭಾಗವಹಿಸಿ, ಮನೆಯವರು ತಿಂಡಿಗೆ ಕೂರುವ ಹೊತ್ತಿಗೆ ವಾಪಸ್ ಬಂದಿರುತ್ತಿದ್ದರು. ಎಚ್ಚರವಾಗಲು ಒಂದು ಉಪಾಯ ಮಾಡಿದ್ದರು. ಮೈಗೆ ಕಟ್ಟಿದ ಹಗ್ಗದ ತುದಿಯನ್ನು ಕಿಟಕಿಯಿಂದ ಹೊರಗೆ ಇಳಿಬಿಡುವುದು, ತೋಟದ ಮಾಲಿ ಬಂದು ಕೆಳಗಿನಿಂದ ಎಳೆಯುವುದು. ಮನೆಯವರ ನಿದ್ದೆ ಕೆಡುತ್ತಿರಲಿಲ್ಲ, ಎಲ್ಲಿಗೆ ಹೋದೆ ಅಂತ ಕೇಳುವವರೂ ಇರುತ್ತಿರಲಿಲ್ಲ.

ಒಂದು ದುಃಖವನ್ನೂ ಹೇಳಬೇಕು. ಬೆಟ್ಟದ ಗೆಳೆಯರ ಗುಂಪಿನಲ್ಲಿದ್ದ, ತಂದೆತಾಯಿ ಇಲ್ಲದ ಒಬ್ಬ ಹುಡುಗಿಯನ್ನು ಅವರು ಮೆಚ್ಚಿದ್ದರು. ಮನೆಯವರು ಒಪ್ಪುವುದಿಲ್ಲವೆಂದು ಗೊತ್ತಾಯಿತು. ಅಪ್ಪ ಅಮ್ಮನ ಸಂಸಾರ ಆಗ ಒಡೆಯುವ ಹಂತದಲ್ಲಿತ್ತು. ತಾನು ಒಂದು ಮನೆ ಕಟ್ಟಲು ಹೋಗಿ ಇನ್ನೊಂದನ್ನು ಮುರಿಯಬಾರದು ಎಂದು ಆಕೆಗೆ ಹೇಳಿಕೊಳ್ಳದೆಯೇ ಸುಮ್ಮನಾದರು. ಪದವಿಯ ನಂತರ ತಂದೆಯ ಇಷ್ಟದಂತೆ ಪತ್ರಿಕೆಯ ಕೆಲಸ ನೋಡಿಕೊಳ್ಳಲೂ ಒಪ್ಪಿಕೊಂಡರು. ಗಣಿಯ ಆಸೆ ಅಲ್ಲಿಗೇ ಹೋಯಿತು. ಕೆಲವರಿಗೆ ಈ ವಿಧೇಯತೆ ಜಾಸ್ತಿಯಾಯಿತು ಅನ್ನಿಸುತ್ತದೆ. ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸಿದೆ. ಆದರೆ ಪೊಲೀಸರಿಗೂ ಫ್ಯಾಸಿಸ್ಟರಿಗೂ ಬಗ್ಗದ ಮನುಷ್ಯ ಹೆದರಿ ಒಪ್ಪಿಕೊಂಡರು ಅಂತ ಹೇಳುವಂತಿಲ್ಲ.

1925ನೇ ಇಸವಿ ಜೂನ್ ಕೊನೆ. ಪದವಿಗೆ ಇನ್ನು ಎರಡೇ ಪರೀಕ್ಷೆ ಉಳಿದಿದ್ದವು. ತಲೆನೋವು, ಬೆನ್ನುನೋವು ಶುರುವಾಯಿತು. ಅದೇ ವೇಳೆ ಮನೆಯಲ್ಲಿ ಅಜ್ಜಿ ಸಾಯುವ ಸ್ಥಿತಿಯಲ್ಲಿದ್ದರು. ಎಲ್ಲರ ಗಮನ ಆ ಕೋಣೆಯ ಕಡೆ. ಈ ಗಟ್ಟಿಮುಟ್ಟಾದ ಹುಡುಗನಿಗೆ ಏನಾಗಿರುತ್ತದೆ, ಜ್ವರ ಇರಬೇಕು ಅಂದುಕೊಂಡರು. ಇವರೂ ಬಾಯಿಬಿಡಲಿಲ್ಲ. ಜುಲೈ 1ರಂದು ಅಜ್ಜಿ ತೀರಿಕೊಂಡರು. ಇವರಿಗೆ ಏಳಲು ಆಗಲಿಲ್ಲ. ಕಾಲು ಬಿದ್ದುಹೋಗಿತ್ತು. ವೈದ್ಯರು ಬಂದು ನೋಡಿದಾಗ ಪೋಲಿಯೊ ಅಂತ ತಿಳಿಯಿತು. ಬಡವರ ಮನೆಗಳಲ್ಲಿ ಅಂಟಿಕೊಂಡಿರಬೇಕು ಅಂತ ಹೇಳುತ್ತಾರೆ. ಆಗ ಲಸಿಕೆ ಇರಲಿಲ್ಲ. ಪ್ಯಾರಿಸ್‌ನಿಂದ ಔಷಧಿ ತರಿಸಲು ಓಡಾಡಿದರು, ಹೊತ್ತು ಮೀರಿತ್ತು.

ಜುಲೈ 3 ಶುಕ್ರವಾರ. ಶುಕ್ರವಾರ ಎಂದರೆ ಸಭೆಯವರು ಬಡವರ ಮನೆಗೆ ಹೋಗುವ ದಿನ. ತನಗೆ ಹೋಗಲಾಗುವುದಿಲ್ಲ. ತಂಗಿಗೆ ಹೇಳಿ ತನ್ನ ಕೋಟನ್ನು ತರಿಸಿಕೊಂಡರು. ಜೇಬಿನಲ್ಲಿ ಒಂದು ಪೆಟ್ಟಿಗೆ ಇಂಜೆಕ್ಷನ್ ಮತ್ತು ಒಂದು ಗಿರವಿ ಚೀಟಿ ಇತ್ತು. ಕೈಯೂ ಸ್ವಾಧೀನ ತಪ್ಪುತ್ತಿತ್ತು. ಅದೇ ಕೈಯಲ್ಲಿ ಸಭೆಯ ಗೆಳೆಯನಿಗೆ ಒಂದು ಚೀಟಿ ಬರೆದರು. ಈ ಇಂಜೆಕ್ಷನ್ ಇಂಥ ರೋಗಿಗೆ, ಈ ಗಿರವಿ ಚೀಟಿ ಇಂಥವನದು, ವಾಯಿದೆ ಮುಗಿಯುವ ಮೊದಲು ತನ್ನ ಲೆಕ್ಕದಲ್ಲಿ ನವೀಕರಿಸಬೇಕು ಎಂಬುದೇ ಅದರ ಸಾರಾಂಶ. ಅಕ್ಷರ ಓದಲು ಕಷ್ಟವಾಗುವಷ್ಟು ಸೊಟ್ಟ. ಗಿರವಿ ಅಂಗಡಿಯ ವಾಯಿದೆ ಎಂದರೇನು ಅಂತ ಶಿವಾಜಿನಗರ, ಹಲಸೂರಿನ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗಳ ಓಲೆ, ಹೆಂಡತಿಯ ತಾಳಿ ಒಂದು ದಿನ ತಪ್ಪಿದರೆ ಹೋಯಿತು. ಸಾಯುವ ಹಿಂದಿನ ದಿನ ಒಬ್ಬ ಶ್ರೀಮಂತರ ಮಗನ ತಲೆಯಲ್ಲಿ ಇದ್ದದ್ದು ಇನ್ನೊಬ್ಬ ಬಡವನ ಆ ವಾಯಿದೆ.

ಜುಲೈ 4ರ ಶನಿವಾರ ಸಾಯಂಕಾಲ ಪ್ರಾಣ ಹೋಯಿತು. ಆಗ ವಯಸ್ಸು 24.

ಶವಸಂಸ್ಕಾರದ ದಿನ ಮನೆಯವರು ತಮ್ಮ ಮಟ್ಟದ ಜನ, ರಾಜಕಾರಣಿಗಳು, ಪತ್ರಿಕೆಯವರು ಬರುತ್ತಾರೆ ಅಂದುಕೊಂಡಿದ್ದರು. ಬೀದಿ ತುಂಬ ಬಡವರು. ಕುಂಟರು, ಕುರುಡರು, ಕೂಲಿಗಳು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಸಾವಿರಾರು ಜನ. ಇವರೆಲ್ಲ ಯಾರು ಅಂತ ತಂದೆತಾಯಿಗೆ ಗೊತ್ತಿಲ್ಲ. ಬಂದವರಲ್ಲೂ ಅನೇಕರಿಗೆ, ತಮ್ಮ ಮನೆಗೆ ಸೌದೆ ಹೊತ್ತು ತರುತ್ತಿದ್ದ ಹುಡುಗ ಇಂಥ ಮನೆತನದವನು ಅಂತ ಅವತ್ತೇ ತಿಳಿದದ್ದು. ಏಳು ವರ್ಷ ಬಡವರ ಮನೆಗೆ ಓಡಾಡಿದ ಮಗನನ್ನು ಅಪ್ಪ ಅಮ್ಮ ಮೊದಲ ಸಲ ನಿಜವಾಗಿ ನೋಡಿದ್ದು ಶವಪೆಟ್ಟಿಗೆ ಹಿಂದೆ ನಡೆಯುವಾಗ. ತಂದೆ ಮುಂದೆ ಫ್ಯಾಸಿಸ್ಟರ ಒತ್ತಡದಿಂದ ಪತ್ರಿಕೆಯನ್ನೂ ಕಳೆದುಕೊಂಡರು. ಒಡೆದು ಹೋಗಲಿದ್ದ ಅವರ ಸಂಸಾರ ಒಡೆಯಲಿಲ್ಲ. 1961ರಲ್ಲಿ ತೀರಿಕೊಳ್ಳುವ ಮೊದಲು ತಂದೆ ವಿಶ್ವಾಸಕ್ಕೆ ಮರಳಿದ್ದರು.

ಈ ಯುವಕನನ್ನು ಸಂತ ಪದವಿಗೆ ಏರಿಸಬೇಕು ಎಂದು ಟ್ಯೂರಿನ್ ಮಹಾಧರ್ಮಾಧ್ಯಕ್ಷರಲ್ಲಿ ಮೊದಲು ಬೇಡಿಕೊಂಡವರು ಅಲ್ಲಿನ ಬಡವರು. 1932ರಲ್ಲಿ ವಿಚಾರಣೆ ಆರಂಭವಾಯಿತು. ಹುಡುಗ ಹುಡುಗಿಯರು ಒಟ್ಟಿಗೆ ಬೆಟ್ಟಕ್ಕೆ ಹೋಗುತ್ತಿದ್ದರು ಎಂಬುದನ್ನೇ ಹಿಡಿದು ಯಾರೋ ಚಾಡಿ ಹೇಳಿದ್ದರಿಂದ ಅದು ಬಹಳ ವರ್ಷ ನಿಂತುಹೋಯಿತು. ತಂಗಿ ಲೂಚಿಯಾನ ಬಿಡದೆ ಸಾಕ್ಷಿಗಳನ್ನು ಕೂಡಿಸಿ, ಅಣ್ಣನ ಬಗ್ಗೆ ಪುಸ್ತಕಗಳನ್ನು ಬರೆದು ಆ ಮಾತು ಸುಳ್ಳೆಂದು ತೋರಿಸಿದರು. 1981ರಲ್ಲಿ ಸಮಾಧಿ ತೆರೆದಾಗ ದೇಹ ಕೆಡದೆ ಇತ್ತು. ಈಗ ಅದು ಟ್ಯೂರಿನ್‌ನ ಪ್ರಧಾನಾಲಯದಲ್ಲಿದೆ. 1990ರ ಮೇ 20ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ಧನ್ಯರೆಂದು ಸಾರಿದರು. ಆ ತಂಗಿ ಅದನ್ನು ಕಣ್ಣಾರೆ ಕಂಡು, 2007ರಲ್ಲಿ 105 ವರ್ಷ ದಾಟಿ ತೀರಿಕೊಂಡರು.

ಸಂತ ಪದವಿ ಸಿಕ್ಕಿದ್ದು 2025ರ ಸೆಪ್ಟೆಂಬರ್ 7ರ ಭಾನುವಾರ, ಜಗದ್ಗುರು ಹದಿನಾಲ್ಕನೇ ಲಿಯೋರವರಿಂದ. ಕಾರ್ಮಿಕರ ವಿಶ್ವಪತ್ರ ಬರೆದ ಲಿಯೋರವರ ಹೆಸರನ್ನೇ ಇಟ್ಟುಕೊಂಡ ಜಗದ್ಗುರುಗಳು ಇವರು. ಕಂಪ್ಯೂಟರ್ ಬಲ್ಲ ಬಾಲಕ ಕಾರ್ಲೊ ಅಕುತಿಸ್ ಅವರಿಗೂ ಅದೇ ದಿನ ಸಂತ ಪದವಿಯಾದ್ದರಿಂದ ಎಲ್ಲರ ಬಾಯಲ್ಲಿ ಆ ಹೆಸರೇ ಹೆಚ್ಚು ಬಂತು. ಶಿವಾಜಿನಗರದಲ್ಲಿ ಅವತ್ತು ಮಾತೆಯ ಹಬ್ಬದ ಹಿಂದಿನ ದಿನ. ಕಾವಿ ಬಟ್ಟೆ ಉಟ್ಟು ದೂರದಿಂದ ನಡೆದು ಬಂದವರು ಬೆಸಿಲಿಕದ ಸುತ್ತಲಿನ ಬೀದಿಗಳಲ್ಲಿ ತುಂಬಿದ್ದ ಹೊತ್ತಿಗೆ, ರೋಮ್‌ನ ಸಂತ ಪೇತ್ರರ ಚೌಕದಲ್ಲಿ ಈ ಬೆಟ್ಟ ಹತ್ತುವ ವಿದ್ಯಾರ್ಥಿಯ ಹೆಸರನ್ನು ಸಂತರ ಪಟ್ಟಿಗೆ ಸೇರಿಸಿ ಓದಲಾಯಿತು.

ಅವರ ಸ್ಮರಣೆಯ ದಿನ ಜುಲೈ 4. ಕಾಲೇಜುಗಳು ಆಗತಾನೇ ತೆರೆದಿರುವ ಸಮಯ. ಆ ದಿನಕ್ಕೆ ವಿದ್ಯಾರ್ಥಿಗಳ ಹೆಸರಿನಲ್ಲಿ ಪೂಜೆ ಬರೆಸುವವರು ಮುಂಚಿತವಾಗಿ ಕಚೇರಿಯಲ್ಲಿ ತಿಳಿಸಬಹುದು.